ಹೊಲದ ಉಷ್ಣತೆಗೊಂದು ದಾಖಲೆ ಪೆಟ್ಟಿಗೆ



ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಹೇರಿಕೊಂಡು ಹೋದಾಗ ನೀವು ಮೊದಲು ನೋಡುವುದು ಯಾವುದನ್ನು? ತೂಕದ ಯಂತ್ರವನ್ನು. ಅದರ ಮೇಲೆ ಏನೂ ಇಲ್ಲದಿರುವಾಗ ಸೊನ್ನೆ ತೋರಿಸುತ್ತದೆಯೋ ಇಲ್ಲವೋ ನೋಡಿಕೊಂಡೇ ಚೀಲ ಏರಿಸುತ್ತೀರಿ. ಚೀಲಕ್ಕೆ ಒಂದು ಕಿಲೋ ಹೆಚ್ಚುಕಮ್ಮಿಯಾದರೆ ವರ್ಷದ ದುಡಿಮೆಯಲ್ಲಿ ಎಷ್ಟು ಸೋರಿಹೋಗುತ್ತದೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಹೊತ್ತು ನಾನು ತಮ್ಮ ಮುಂದೆ ಹೇಳಬೇಕೆಂದಿರುವುದು ಇನ್ನೊಂದು ಬಗೆಯ ತಕ್ಕಡಿಯ ವಿಚಾರ. ಇದು ಗಾಳಿಯ ಬಿಸಿಯನ್ನು ತೂಗುವ ತಕ್ಕಡಿ. ಹೊಲದಲ್ಲಿ ಹಗಲೂ ರಾತ್ರಿಯೂ ನಿಂತು, ಕಾಲುಗಂಟೆಗೊಮ್ಮೆ ಉಷ್ಣತೆಯನ್ನು ತಾನೇ ಅಳೆದು, ತಾನೇ ಬರೆದಿಟ್ಟುಕೊಳ್ಳುವ ಸಣ್ಣ ಪೆಟ್ಟಿಗೆ. ತಿಳಿದವರು ಇದಕ್ಕೆ ಲಾಗರ್ ಎನ್ನುತ್ತಾರೆ. ನಾವು ದಾಖಲೆ ಪೆಟ್ಟಿಗೆ ಎಂದು ಕರೆಯೋಣ. ಇದನ್ನು ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಅದರ ಮಾತನ್ನು ನಂಬಬಹುದೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ, ಇವೆರಡೇ ಇವತ್ತಿನ ವಿಷಯ.

“ಬಿಸಿಲು ಹೆಚ್ಚಾಯಿತು ಅಂತ ಮೈಗೇ ಗೊತ್ತಾಗುತ್ತದಲ್ಲ, ಪೆಟ್ಟಿಗೆ ಯಾತಕ್ಕೆ ಬೇಕ್ರೀ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೈಗೆ ಗೊತ್ತಾಗುವುದು ನಿಜ. ಆದರೆ ಮೈಗೆ ನೆನಪಿಲ್ಲ. ಹೋದ ವರ್ಷದ ಶಿವರಾತ್ರಿಯ ನಸುಕಿಗೂ ಈ ವರ್ಷದ ಶಿವರಾತ್ರಿಯ ನಸುಕಿಗೂ ಎಷ್ಟು ಅಂತರವೆಂದು ಮೈ ಹೇಳಲಾರದು. ಒಂದು ಡಿಗ್ರಿಯ ವ್ಯತ್ಯಾಸವನ್ನಂತೂ ಅದು ಗುರುತಿಸುವುದೇ ಇಲ್ಲ. ಪೈರು ಮಾತ್ರ ಗುರುತಿಸುತ್ತದೆ.

ಭತ್ತವನ್ನೇ ತೆಗೆದುಕೊಳ್ಳಿ. ಭದ್ರಾ ನಾಲೆಯ ನೀರಿನಲ್ಲಿ ಬೇಸಿಗೆ ಭತ್ತ ಬೆಳೆಯುವವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಭತ್ತ ಹೂವಾಡುವ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಕಾಳು ಕಟ್ಟದೆ ಜೊಳ್ಳಾಗುವ ಭಯವುಂಟು. ಇದು ಹಗಲಿನ ಮಾತು. ರಾತ್ರಿಯ ಬಿಸಿಯೂ ಬೆಳೆಯನ್ನು ಬಿಡುವುದಿಲ್ಲ. ಫಿಲಿಪೈನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮ ಸ್ವಂತ ಜಮೀನಿನ ಹಲವು ವರ್ಷಗಳ ಲೆಕ್ಕವನ್ನು 2004ರಲ್ಲಿ ಪ್ರಕಟಿಸಿದರು. ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣತೆ 1 ಡಿಗ್ರಿ ಹೆಚ್ಚಾದರೆ ಇಳುವರಿ ನೂರಕ್ಕೆ ಸುಮಾರು 10ರಷ್ಟು ಇಳಿದುದು ಅವರಿಗೆ ಕಂಡುಬಂತು. ಆ ನೆಲ ಬೇರೆ, ತಳಿ ಬೇರೆ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಎತ್ತಿ ಇಡಲಾಗದು. ಆದರೂ ಒಂದು ಡಿಗ್ರಿ ಎಂದರೆ ಹಗುರವಾದ ಮಾತಲ್ಲ ಎಂಬುದಂತೂ ತಿಳಿಯಿತಷ್ಟೆ?

ಇನ್ನು ಮೆಕ್ಕೆಜೋಳ. ಮೆಕ್ಕೆಜೋಳ ದಿನ ಎಣಿಸಿ ಬೆಳೆಯುವುದಿಲ್ಲ, ಬಿಸಿ ಎಣಿಸಿ ಬೆಳೆಯುತ್ತದೆ. ದಿನದ ಗರಿಷ್ಠ ಉಷ್ಣತೆ, ಕನಿಷ್ಠ ಉಷ್ಣತೆ ಎರಡನ್ನೂ ಕೂಡಿಸಿ ಅರ್ಧ ಮಾಡಿ, ಅದರಲ್ಲಿ 10 ಕಳೆದರೆ ಆ ದಿನ ಪೈರಿಗೆ ದಕ್ಕಿದ ಬಿಸಿಯ ಲೆಕ್ಕ ಸಿಗುತ್ತದೆ. ಗರಿಷ್ಠ 28, ಕನಿಷ್ಠ 20 ಇದ್ದರೆ ಸರಾಸರಿ 24. ಹತ್ತು ಕಳೆದರೆ 14. ನೂರು ದಿನಕ್ಕೆ 1400. ಈಗ ನಿಮ್ಮ ಉಷ್ಣಮಾಪಕ ಹಗಲಿನಲ್ಲಿ ಬರೀ 2 ಡಿಗ್ರಿ ಹೆಚ್ಚು ತೋರಿಸುತ್ತದೆ ಎನ್ನೋಣ. ಗರಿಷ್ಠ 30 ಎನ್ನುತ್ತದೆ. ಲೆಕ್ಕ 15 ಆಗುತ್ತದೆ. ನೂರು ದಿನಕ್ಕೆ 1500. ಹೆಚ್ಚಾದ ಈ 100, ಒಂದು ವಾರದ ಬಿಸಿಗೆ ಸಮ. ಅಂದರೆ ತೆನೆ ಬಲಿಯುವ ದಿನವನ್ನು ನೀವು ಒಂದು ವಾರ ತಪ್ಪಾಗಿ ಎಣಿಸಿದಂತಾಯಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಹೊಲದಲ್ಲಿ ಮೊದಲು ಗುರುತಾಗಿ ದೇಶಕ್ಕೆಲ್ಲ ಹಬ್ಬಿದ ಫಾಲ್ ಸೈನಿಕ ಹುಳುವೂ ಮೊಟ್ಟೆಯಿಂದ ಪತಂಗವಾಗುವುದು ಇಂಥ ಬಿಸಿಯ ಲೆಕ್ಕದ ಮೇಲೆಯೇ. ಹುಳು ಸಣ್ಣದಿರುವಾಗ ಔಷಧ ಬೀಳಬೇಕು. ಲೆಕ್ಕ ವಾರ ತಪ್ಪಿದರೆ ಹುಳು ಸುಳಿಯೊಳಗೆ ಸೇರಿಕೊಂಡಿರುತ್ತದೆ.

ಸರ್ಕಾರದ ಕಡೆಯಿಂದ ಅಳತೆ ಇಲ್ಲವೇ? ಉಂಟು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಬಹಳ ಉಪಯುಕ್ತವಾದ ಕೆಲಸ. ಆದರೆ ಒಂದು ಹೋಬಳಿಯೊಳಗೆ ನಾಲೆಯ ಕೆಳಗಿನ ಗದ್ದೆಯೂ ಉಂಟು, ಎರೆ ಹೊಲವೂ ಉಂಟು, ಅಡಿಕೆ ತೋಟವೂ ಉಂಟು, ಬೋಳು ದಿಣ್ಣೆಯೂ ಉಂಟು. ಒಂದೇ ಕೇಂದ್ರ ಇವೆಲ್ಲದರ ಪರವಾಗಿ ಮಾತನಾಡಲಾರದು. ಆದ್ದರಿಂದಲೇ ಜನರೇ ಸೇರಿ ನಡೆಸುವ ಅಳತೆಗೆ ಬೆಲೆ ಬಂದಿದೆ. ಇದನ್ನು ಜನವಿಜ್ಞಾನ ಎನ್ನಿ, ನಾಗರಿಕ ವಿಜ್ಞಾನ ಎನ್ನಿ. ಗಿಡಮರಗಳು ಚಿಗುರುವುದನ್ನೂ ಹೂಬಿಡುವುದನ್ನೂ ಕಾಯಿ ಕಟ್ಟುವುದನ್ನೂ ಶಾಲೆಯ ಮಕ್ಕಳೂ ಊರಿನವರೂ ವಾರವಾರವೂ ನೋಡಿ ಬರೆದು ಕಳಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಮ್ಮ ದೇಶದಲ್ಲಿ ನಡೆಯುತ್ತಿದೆ. ಉಷ್ಣತೆಯ ವಿಚಾರದಲ್ಲಿಯೂ ಹೀಗೆಯೇ ಮಾಡಬಹುದು. ಹನಿ ಹನಿ ಕೂಡಿದರೆ ಹಳ್ಳವಲ್ಲವೇ?

ಹಳ್ಳವಾಗುವುದು ನಿಜ. ಆದರೆ ಹನಿ ತಿಳಿಯಾಗಿರಬೇಕು. ಹತ್ತು ಪೆಟ್ಟಿಗೆಗಳು ಹತ್ತು ರೀತಿ ಸುಳ್ಳು ಹೇಳಿದರೆ ಅವುಗಳ ಸರಾಸರಿಯೂ ಸುಳ್ಳೇ. ಹವಾಮಾನದ ಉಪಕರಣಗಳಿಗಾಗಿ ತಮ್ಮ ಜೀವಮಾನ ಸವೆಸಿದ ಅಣ್ಣಾ ಮಣಿ ಎಂಬ ಮಹಿಳೆಯನ್ನು ಇಲ್ಲಿ ನೆನೆಯಬೇಕು. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದರು. 1948ರಲ್ಲಿ ಭಾರತ ಹವಾಮಾನ ಇಲಾಖೆಗೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ನಮ್ಮಲ್ಲಿಯೇ ತಯಾರಿಸಲು ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದರು. ತಪ್ಪು ಅಳತೆ ಇರುವುದಕ್ಕಿಂತ ಅಳತೆ ಇಲ್ಲದಿರುವುದೇ ಲೇಸು ಎಂಬುದು ಅವರ ನಿಲುವಾಗಿತ್ತು. ನಮ್ಮ ಪೆಟ್ಟಿಗೆಗೂ ಅದೇ ನಿಯಮ.

ಹಾಗಾದರೆ ಪೆಟ್ಟಿಗೆಯಲ್ಲಿ ಏನೇನು ಇರಬೇಕು? ಐದು ಅಂಗಗಳು. ಉಷ್ಣತೆಯನ್ನು ಅರಿಯುವ ಸೆನ್ಸರ್ ಒಂದು. ಅದರ ಮಾತನ್ನು ಓದುವ ಸಣ್ಣ ಎಲೆಕ್ಟ್ರಾನಿಕ್ ಹಲಗೆ ಒಂದು. ಹೊತ್ತು ತಿಳಿಸುವ ಗಡಿಯಾರದ ಚಿಪ್ಪು ಒಂದು. ಅಂಕಿಗಳನ್ನು ಬರೆದಿಡುವ ಮೆಮೊರಿ ಕಾರ್ಡು ಒಂದು. ಬ್ಯಾಟರಿ ಒಂದು. ಹೈಸ್ಕೂಲಿನ ಮಕ್ಕಳು ಮೇಷ್ಟ್ರ ನೆರವಿನಿಂದ ಜೋಡಿಸಬಲ್ಲಷ್ಟು ಸುಲಭವಾದ ಕೆಲಸ ಇದು. ಕಾಲುಗಂಟೆಗೊಮ್ಮೆ ಬರೆದರೆ ದಿನಕ್ಕೆ 96 ಅಂಕಿ, ಮೂವತ್ತು ದಿನಕ್ಕೆ 2880 ಅಂಕಿ. ಕಾರ್ಡಿಗೆ ಇದು ಏನೇನೂ ಭಾರವಲ್ಲ. ಒಂದು ಸಲ ಓದಿದ ಮೇಲೆ ಮುಂದಿನ ಸರದಿಯವರೆಗೆ ಹಲಗೆ ನಿದ್ದೆ ಮಾಡುವಂತೆ ಹೊಂದಿಸಬೇಕು. ಆಗ ಬ್ಯಾಟರಿಯೂ ಬಾಳುತ್ತದೆ. ಹಲಗೆ ಬಿಸಿಯಾಗಿ ಆ ಬಿಸಿ ಸೆನ್ಸರಿಗೆ ತಾಗುವುದೂ ತಪ್ಪುತ್ತದೆ. ಹಲಗೆ ಬ್ಯಾಟರಿಗಳನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು, ಸೆನ್ಸರನ್ನು ತಂತಿಯ ತುದಿಯಲ್ಲಿ ಅದರಿಂದ ದೂರ ಇಡಿ.

ಉಕ್ಕಿನ ತೊಟ್ಟಿನೊಳಗೆ ಮುಚ್ಚಿಟ್ಟ ಡಿಎಸ್18ಬಿ20 ಎಂಬ ಸೆನ್ಸರ್ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿದೆ. ಅದರ ತಯಾರಕರು ಕೊಡುವ ಭರವಸೆ ಆಚೆ ಅರ್ಧ ಡಿಗ್ರಿ, ಈಚೆ ಅರ್ಧ ಡಿಗ್ರಿ. ಎಂದರೆ ಎರಡು ಒಳ್ಳೆಯ ಸೆನ್ಸರ್‌ಗಳ ನಡುವೆಯೇ ಒಂದು ಡಿಗ್ರಿಯವರೆಗೆ ಅಂತರ ಬರಬಹುದು. ಅದೇ ಹೆಸರು ಹಾಕಿದ ನಕಲಿ ಮಾಲೂ ಪೇಟೆಯಲ್ಲಿ ಓಡಾಡುತ್ತದೆ. ಅದಕ್ಕೆ ಭರವಸೆಯೇ ಇಲ್ಲ. ಬೀಜದ ಚೀಲದ ಮೇಲಿನ ಹೆಸರನ್ನಷ್ಟೇ ನೋಡಿ ನೀವು ಬಿತ್ತುತ್ತೀರಾ? ಮೊಳಕೆ ಪರೀಕ್ಷೆ ಮಾಡುವುದಿಲ್ಲವೇ? ಇದಕ್ಕೂ ಒಂದು ಮೊಳಕೆ ಪರೀಕ್ಷೆ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಸೆನ್ಸರಿಗಿಂತ ಮುಖ್ಯವಾದದ್ದು ಅದರ ನೆರಳು. ಬಿಸಿಲಿನಲ್ಲಿ ಬಿಟ್ಟ ಉಷ್ಣಮಾಪಕ ಗಾಳಿಯ ಬಿಸಿಯನ್ನು ಹೇಳುವುದಿಲ್ಲ. ತಾನು ಎಷ್ಟು ಕಾದಿದ್ದೇನೆಂದು ಹೇಳುತ್ತದೆ. ಅಂಗಳದಲ್ಲಿಟ್ಟ ಕೊಡಪಾನ ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ. ಗಾಳಿ ಅಷ್ಟು ಕಾದಿರುತ್ತದೆಯೇ? ಇಲ್ಲ. ಈ ತೊಂದರೆಗಾಗಿಯೇ 1860ರ ದಶಕದಲ್ಲಿ ಥಾಮಸ್ ಸ್ಟೀವನ್‌ಸನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರು ಬಿಳಿ ಬಣ್ಣ ಬಳಿದ, ಸುತ್ತಲೂ ಓರೆ ಪಟ್ಟಿಗಳಿರುವ ಮರದ ಗೂಡನ್ನು ರೂಪಿಸಿದರು. ಹವಾಮಾನ ಕೇಂದ್ರಗಳಲ್ಲಿ ಕಾಲಿನ ಮೇಲೆ ನಿಂತ ಬಿಳಿ ಗೂಡನ್ನು ನೀವು ನೋಡಿರಬಹುದು. ಅದೇ ಇದು.

ನಮ್ಮ ಸಣ್ಣ ಪೆಟ್ಟಿಗೆಗೆ ಅಷ್ಟು ದೊಡ್ಡ ಗೂಡು ಬೇಡ. ಹೂಕುಂಡದ ಕೆಳಗೆ ಇಡುವ ಬಿಳಿಯ ಪ್ಲಾಸ್ಟಿಕ್ ತಟ್ಟೆ ಏಳೆಂಟು ಸಾಕು. ತಟ್ಟೆಗಳನ್ನು ಬೋರಲು ಹಾಕಿ, ಒಂದರ ಮೇಲೊಂದು, ನಡುವೆ ಹೆಬ್ಬೆರಳಿನಷ್ಟು ಸಂದು ಬಿಟ್ಟು, ಮೂರು ಸರಳುಗಳಿಂದ ಬಿಗಿಯಿರಿ. ಮೇಲಿನ ಎರಡು ತಟ್ಟೆ ಮತ್ತು ತೀರ ಕೆಳಗಿನದು ಇಡಿಯಾಗಿರಲಿ. ಉಳಿದವುಗಳ ನಡುಭಾಗ ಕತ್ತರಿಸಿ ಸೆನ್ಸರಿಗೆ ಜಾಗ ಮಾಡಿ. ಕೆಳಗಿನದು ಯಾಕಪ್ಪಾ ಅಂದ್ರೆ, ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಕಾದ ನೆಲದಿಂದಲೂ ಗದ್ದೆಯ ನೀರಿನಿಂದಲೂ ಅದು ಪುಟಿದು ಮೇಲಕ್ಕೆ ಬರುತ್ತದೆ. ಸೆನ್ಸರ್ ಯಾವ ತಟ್ಟೆಗೂ ತಾಗದೆ ನಡುವೆ ತೂಗಾಡುತ್ತಿರಬೇಕು. ಸುತ್ತಲೂ ಗಾಳಿ ಆಡಬೇಕು. ಮುಚ್ಚಿದ ಡಬ್ಬಿಯಲ್ಲೋ ಶೀಸೆಯಲ್ಲೋ ಇಟ್ಟರೆ ಅದು ಒಲೆಯಾಗುತ್ತದೆ. ತಗಡಿನ ಗೂಡು ಕೂಡದು. ತಂತಿಯನ್ನು ಡಬ್ಬಿಗೆ ಸೇರಿಸುವ ಮುಂಚೆ ಕೆಳಕ್ಕೆ ಒಂದು ಬಳುಕು ಕೊಡಿ. ಮಳೆಯ ನೀರು ಆ ಬಳುಕಿನಿಂದ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ.

ನಿಲ್ಲಿಸುವ ಜಾಗ ಯಾವುದು? ಬಯಲಿನ ಸಹಜ ನೆಲದ ಮೇಲೆ, ನಾಲ್ಕು ಅಡಿಯಿಂದ ಆರು ಅಡಿಯೊಳಗಿನ ಎತ್ತರದಲ್ಲಿ ಕಂಬಕ್ಕೆ ಕಟ್ಟಿ. ಎಲ್ಲರೂ ಒಂದೇ ಎತ್ತರ ಹಿಡಿದರೆ ಇನ್ನೂ ಒಳ್ಳೆಯದು. ಗೋಡೆಯಿಂದಲೋ ಮರದಿಂದಲೋ ಅದರ ಎತ್ತರದ ಎರಡರಷ್ಟಾದರೂ ದೂರವಿರಲಿ. ಪಂಪ್‌ಸೆಟ್ ಮನೆಯ ಬಳಿ, ಕಣದ ಬಳಿ, ಕೊಟ್ಟಿಗೆಯ ಗೋಡೆಗೆ, ತಗಡಿನ ಮಾಡಿನ ಮೇಲೆ ಬೇಡ.

ಇನ್ನು ಪರೀಕ್ಷೆಗೆ ಬರೋಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನಾಲ್ಕು ಪರೀಕ್ಷೆಗಳನ್ನು ಹೇಳುತ್ತೇನೆ.

ಮೊದಲನೆಯದು ಮಂಜುಗಡ್ಡೆಯ ಪರೀಕ್ಷೆ. ಇದೇ ನಮ್ಮ ತಕ್ಕಡಿಯ ಸೊನ್ನೆ. ಶುದ್ಧ ನೀರಿನ ಮಂಜುಗಡ್ಡೆಯನ್ನು ನುಣ್ಣಗೆ ಕುಟ್ಟಿ ಥರ್ಮಾಸ್ ಫ್ಲಾಸ್ಕಿನ ತುಂಬ ಹಾಕಿ, ಸಂದು ತುಂಬುವಷ್ಟೇ ತಣ್ಣೀರು ಹೊಯ್ಯಿರಿ. ಉಪ್ಪು ಸೋಕಿರಬಾರದು. ಸೆನ್ಸರನ್ನು ನಡುವೆ ಇಳಿಸಿ, ಆಗಾಗ ಕಲಕುತ್ತಾ ಹತ್ತು ನಿಮಿಷ ಕಾಯಿರಿ. ಅಂಕಿ 0 ಬರಬೇಕು. ಅರ್ಧ ಡಿಗ್ರಿ ಆಚೀಚೆ ಬಂದರೆ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಬಹಳ ಹೆಚ್ಚಾದರೆ ಆ ಸೆನ್ಸರ್ ಬೇಡ. ಕುದಿಯುವ ನೀರಿನಲ್ಲಿ 100 ನೋಡುತ್ತೇವೆಂದು ಹೊರಡಬೇಡಿ. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಸರಿಯಾದ ಸೆನ್ಸರನ್ನು ನೀವು ಸುಮ್ಮನೆ ತಪ್ಪಿತಸ್ಥನನ್ನಾಗಿ ಮಾಡುತ್ತೀರಿ. ಅದರ ಬದಲು, ಉಗುರುಬೆಚ್ಚನೆಯ ನೀರಿನಲ್ಲಿ ಸೆನ್ಸರನ್ನೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಜೊತೆಯಾಗಿ ಹಿಡಿದು 37ರಿಂದ 40ರ ನಡುವೆ ಎರಡನ್ನೂ ಹೋಲಿಸಿ.

ಎರಡನೆಯದು ಜೊತೆ ಪರೀಕ್ಷೆ. ಊರಿನ ಎಲ್ಲ ಪೆಟ್ಟಿಗೆಗಳನ್ನೂ ಒಂದೇ ನೆರಳಿನಲ್ಲಿ, ಒಂದೇ ಎತ್ತರದಲ್ಲಿ, ಒತ್ತೊತ್ತಾಗಿ ಮೂರು ದಿನ ಮೂರು ರಾತ್ರಿ ಬಿಡಿ. ಎಲ್ಲರೂ ಒಂದೇ ಗಾಳಿಯನ್ನು ಉಂಡವರು. ಎಲ್ಲರೂ ಒಂದೇ ಮಾತು ಹೇಳಬೇಕು. ಒಂದೇ ಪೆಟ್ಟಿಗೆ ಬೇರೆ ಹಾಡು ಹಾಡಿದರೆ ಅದನ್ನು ಪಕ್ಕಕ್ಕಿಡಿ.

ಮೂರನೆಯದು ಬಿಸಿಲಿನ ಪರೀಕ್ಷೆ. ಸಂಬಂಧಪಟ್ಟವರ ಅನುಮತಿ ಪಡೆದು, ಹೋಬಳಿಯ ಹವಾಮಾನ ಕೇಂದ್ರದ ಬಳಿಯಾಗಲಿ ಕೃಷಿ ಸಂಶೋಧನಾ ಕೇಂದ್ರದ ಬಳಿಯಾಗಲಿ ಒಂದು ಪೆಟ್ಟಿಗೆಯನ್ನು ಗೂಡಿನ ಸಮೇತ ಒಂದು ವಾರ ನಿಲ್ಲಿಸಿ. ರಾತ್ರಿಯ ಅಂಕಿ ಹೊಂದಿ, ಮಧ್ಯಾಹ್ನದ ಅಂಕಿ ಮಾತ್ರ ಹೆಚ್ಚಾದರೆ ದೋಷ ಸೆನ್ಸರಿನದಲ್ಲ, ಗೂಡಿನದು. ಗಾಳಿ ಆಡದ ನಡುಹಗಲಿನಲ್ಲಿ ಒಳ್ಳೆಯ ಗೂಡೂ ಸ್ವಲ್ಪ ಹೆಚ್ಚು ತೋರಿಸುತ್ತದೆ. ಎಷ್ಟು ಹೆಚ್ಚು ಎಂಬುದು ನಿಮಗೆ ಗೊತ್ತಿರಬೇಕು, ಅಷ್ಟೆ.

ನಾಲ್ಕನೆಯದು ಅದಲುಬದಲು ಪರೀಕ್ಷೆ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ನಿಮ್ಮ ಗದ್ದೆ ಹರಿಹರದ ಕಡೆ ತುಂಗಭದ್ರೆಯ ದಂಡೆಯಲ್ಲಿದೆ. ಮಗಳು ಓದುವುದಕ್ಕಾಗಿ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನೆಂಟರ ಮನೆಯಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಗದ್ದೆಯಲ್ಲೊಂದು ಪೆಟ್ಟಿಗೆ, ಬಡಾವಣೆಯ ಮನೆಯ ಹಿತ್ತಲಲ್ಲೊಂದು ಪೆಟ್ಟಿಗೆ. ನಸುಕಿನಲ್ಲಿ ಬಡಾವಣೆಯ ಪೆಟ್ಟಿಗೆ 2 ಡಿಗ್ರಿ ಹೆಚ್ಚು ಹೇಳುತ್ತದೆ. ಹೇಳಬಹುದು, ಸಿಮೆಂಟಿನ ಮನೆಗಳೂ ಡಾಂಬರು ರಸ್ತೆಗಳೂ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಬಿಟ್ಟುಕೊಡುತ್ತವೆ, ಆದ್ದರಿಂದ ಪೇಟೆಯ ರಾತ್ರಿ ಹಳ್ಳಿಯ ರಾತ್ರಿಗಿಂತ ಬೆಚ್ಚಗಿರುತ್ತದೆ. ಆದರೆ ಈ 2 ಡಿಗ್ರಿ ಜಾಗದ್ದೋ ಪೆಟ್ಟಿಗೆಯದ್ದೋ? ವಾದ ಮಾಡಿ ಫಲವಿಲ್ಲ. ಗೂಡುಗಳ ಸಮೇತ ಎರಡು ಪೆಟ್ಟಿಗೆಗಳನ್ನೂ ಅದಲುಬದಲು ಮಾಡಿ ಒಂದು ವಾರ ಬಿಡಿ. ಬಡಾವಣೆಯೇ ಮತ್ತೆ ಹೆಚ್ಚು ತೋರಿಸಿದರೆ ಬಿಸಿ ಜಾಗದ್ದು. ಹೆಚ್ಚು ತೋರಿಸುವ ಗುಣ ಪೆಟ್ಟಿಗೆಯ ಜೊತೆಯಲ್ಲೇ ಗದ್ದೆಗೆ ನಡೆದುಬಂದರೆ ಬಿಸಿ ಪೆಟ್ಟಿಗೆಯದ್ದು. ಎರಡು ಎತ್ತುಗಳಲ್ಲಿ ಎಳೆಯದಿರುವುದು ಯಾವುದೆಂದು ತಿಳಿಯಲು ಎಡಬಲ ಬದಲಿಸಿ ನೊಗಕ್ಕೆ ಹೂಡುತ್ತಾರಲ್ಲ, ಹಾಗೆಯೇ ಇದು.

ಪರೀಕ್ಷೆ ಮುಗಿಯಿತೆಂದು ಕೈತೊಳೆದುಕೊಳ್ಳಬೇಡಿ. ಗೂಡಿನಲ್ಲಿ ಇರುವೆ ಮನೆ ಮಾಡುತ್ತದೆ, ಕಣಜ ಗೂಡು ಕಟ್ಟುತ್ತದೆ, ಧೂಳು ಕೂತು ಬಿಳಿ ತಟ್ಟೆ ಕಂದಾಗುತ್ತದೆ. ತಿಂಗಳಿಗೊಮ್ಮೆ ಒರೆಸಿ. ಗಡಿಯಾರ ಸರಿಯಿದೆಯೋ ನೋಡಿ. ದಿನದ ಅತಿ ಕಡಮೆ ಉಷ್ಣತೆ ಸೂರ್ಯೋದಯದ ಆಸುಪಾಸಿನಲ್ಲೂ ಅತಿ ಹೆಚ್ಚು ಉಷ್ಣತೆ ಮಧ್ಯಾಹ್ನ ಎರಡು ಮೂರು ಗಂಟೆಗೂ ಬರುವುದು ವಾಡಿಕೆ. ನಿಮ್ಮ ದಾಖಲೆಯಲ್ಲಿ ನಡುರಾತ್ರಿ ಹೆಚ್ಚು ಸೆಕೆ ಕಂಡರೆ ಗಡಿಯಾರ ಹಿಂದುಮುಂದಾಗಿದೆ ಎಂದರ್ಥ. ಮಂಜುಗಡ್ಡೆಯ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿ.

ಪೆಟ್ಟಿಗೆಯ ಜೊತೆಗೆ ಒಂದು ನೋಟುಬುಕ್ಕು ಇರಲಿ. ಯಾವ ಊರು, ಎಂಥ ನೆಲ, ಎಷ್ಟು ಎತ್ತರ, ಎಂಥ ಗೂಡು, ಯಾವತ್ತು ನಿಲ್ಲಿಸಿದ್ದು, ಯಾವತ್ತು ಬ್ಯಾಟರಿ ಬದಲಾಯಿಸಿದ್ದು, ಪಕ್ಕದ ಗದ್ದೆಗೆ ನೀರು ಬಿಟ್ಟದ್ದು ಯಾವಾಗ, ಎಲ್ಲವನ್ನೂ ಬರೆಯಿರಿ. ಪೆಟ್ಟಿಗೆ ಬರೆದ ಅಂಕಿಯನ್ನು ಎಂದಿಗೂ ತಿದ್ದಬೇಡಿ. ಕಾಲು ಡಿಗ್ರಿ ಹೆಚ್ಚು ತೋರಿಸುತ್ತದೆಂದು ಗೊತ್ತಿದ್ದರೆ ಅದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಒಂದು ವಾರ ಪೆಟ್ಟಿಗೆ ಕೆಟ್ಟು ನಿಂತರೆ ಆ ವಾರವನ್ನು ಖಾಲಿ ಬಿಡಿ. ಅಂದಾಜಿನಿಂದ ತುಂಬಿಸಿದ ಅಂಕಿ, ಕಾಳಿನಲ್ಲಿ ಬೆರೆಸಿದ ಕಲ್ಲಿನ ಹಾಗೆ.

ಒಂದು ಎಚ್ಚರಿಕೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಅದಕ್ಕಾಗಿ ಗೊತ್ತುಪಡಿಸಿದ ಕೇಂದ್ರದ ಅಂಕಿಗಳ ಮೇಲೆ. ನಿಮ್ಮ ಪೆಟ್ಟಿಗೆ ಆ ಕೇಂದ್ರದ ಬದಲಿಗೆ ನಿಲ್ಲಲಾರದು. ಆ ಆಸೆಯಿಂದ ಇದನ್ನು ಕಟ್ಟಬೇಡಿ. ಆದರೆ ಪರೀಕ್ಷೆಯಾದ ಹತ್ತು ಪೆಟ್ಟಿಗೆಗಳ ಎರಡು ವರ್ಷದ ದಾಖಲೆ ಕೈಯಲ್ಲಿದ್ದರೆ, ಯಾವ ತಳಿ, ಯಾವ ವಾರದ ನಾಟಿ ನಮ್ಮ ನೆಲಕ್ಕೆ ಹೊಂದುತ್ತದೆ ಎಂದು ಕೃಷಿ ವಿಜ್ಞಾನ ಕೇಂದ್ರದವರ ಮುಂದೆ ಕೂತು ಕೇಳಬಹುದು. ಅವರಿಗೂ ಉತ್ತರ ಹೇಳಲು ಆಧಾರ ಸಿಗುತ್ತದೆ. ಪರೀಕ್ಷೆಯಾಗದ ದಾಖಲೆ ಎಷ್ಟೇ ದಪ್ಪನೆಯ ಪುಸ್ತಕವಾಗಿದ್ದರೂ ಆ ಪ್ರಶ್ನೆಗೆ ಬಲ ಕೊಡದು.

ಆದ್ದರಿಂದ ಮುಂದಿನ ಹಂಗಾಮಿಗೆ ಮುಂಚೆ ಊರಿನ ಶಾಲೆಯ ಮೇಷ್ಟ್ರನ್ನೂ ನಾಲ್ಕು ಮನೆಯವರನ್ನೂ ಸೇರಿಸಿಕೊಳ್ಳಿ. ಮೊದಲಿಗೆ ಎರಡೇ ಪೆಟ್ಟಿಗೆ ಮಾಡಿ. ನಸುಕಿನಲ್ಲಿ ಏಳುವ ತಾಯಂದಿರು ಅಂಕಿ ನೋಡಲಿ, ಮಕ್ಕಳು ಬರೆಯಲಿ. ಎರಡು ಪೆಟ್ಟಿಗೆಗಳ ಮಾತು ಹೊಂದಿದ ಮೇಲೆ ಮೂರನೆಯದಕ್ಕೆ ಕೈಹಾಕಿ.